ಸೇಬಿನ ಬೀಜ, ಸಸಿಮಡಿಯ ಬೇಲಿ

ಮುಂಗಾರಿನ ಮೊದಲ ಮಳೆ ಬೀಳುತ್ತಿದ್ದಂತೆ ಮಲೆನಾಡಿನ ಶಾಲೆ, ಕಾಲೇಜುಗಳಲ್ಲಿ ಬೀಜದುಂಡೆಗಳ ಸಡಗರ ಆರಂಭವಾಗುತ್ತದೆ. ಕೆಮ್ಮಣ್ಣು, ಸಗಣಿ ಕಲಸಿ ಉಂಡೆ ಕಟ್ಟಿ, ನಡುವೆ ಹೊಂಗೆಯದೋ ನೇರಳೆಯದೋ ಬೀಜವಿಟ್ಟು ಒಣಗಿಸಿ, ಒಂದು ಬೆಳಿಗ್ಗೆ ಗುಡ್ಡದ ಮೇಲೆ ನಿಂತು ಎಸೆದು ಬರುವ ಕಾರ್ಯಕ್ರಮವದು. ಮಕ್ಕಳಿಗೆ ಸಂತೋಷ, ಸಂಘಟಕರಿಗೆ ತೃಪ್ತಿ, ಮರುದಿನದ ಪತ್ರಿಕೆಗೊಂದು ಚಿತ್ರ. ಮೂರನೆಯ ವರ್ಷ ಅದೇ ಗುಡ್ಡಕ್ಕೆ ಮರಳಿ ಎಷ್ಟು ಸಸಿ ಬದುಕಿವೆಯೆಂದು ಎಣಿಸಿದವರು ಮಾತ್ರ ವಿರಳ.

ಬೀಜ ಎರಚುತ್ತ ನಡೆದವನೆಂದು ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಹೆಸರಾದವನು ಅಮೆರಿಕದ 'ಜಾನಿ ಆ್ಯಪಲ್‌ಸೀಡ್'. ಬರಿಗಾಲು, ಗೋಣಿಚೀಲದ ಅಂಗಿ, ತಲೆಯ ಮೇಲೆ ಟೋಪಿಯಂತೆ ಕವುಚಿಕೊಂಡ ತಗಡಿನ ಪಾತ್ರೆ, ಹೆಗಲಿನ ಚೀಲದಲ್ಲಿ ಸೇಬಿನ ಬೀಜ. ದಾರಿಯುದ್ದಕ್ಕೂ ಬೀಜ ಚೆಲ್ಲುತ್ತ ನಡೆದ, ಹಿಂದೆ ಹಿಂದೆಯೇ ತೋಪುಗಳು ಎದ್ದವು ಎಂಬಂತೆ ಅಲ್ಲಿಯ ಮಕ್ಕಳ ಪುಸ್ತಕಗಳು ಅವನನ್ನು ಚಿತ್ರಿಸುತ್ತವೆ. 1871ರ ನವೆಂಬರಿನಲ್ಲಿ 'ಹಾರ್ಪರ್ಸ್ ನ್ಯೂ ಮಂತ್ಲಿ ಮ್ಯಾಗಜೀನ್' ಪ್ರಕಟಿಸಿದ ಒಂದು ಲೇಖನ ಈ ಚಿತ್ರವನ್ನು ದೇಶಕ್ಕೆಲ್ಲ ಹರಡಿತು. 1948ರಲ್ಲಿ ಡಿಸ್ನಿ ಸಂಸ್ಥೆ ಅದನ್ನು ಬಣ್ಣದ ಚಲನಚಿತ್ರವಾಗಿಸಿತು. 1966ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವನ ಹೆಸರಿನ ಚೀಟಿ ಹೊರಡಿಸಿತು. ಕಥೆ ಸೊಗಸಾಗಿದೆ, ಆದರೆ ಹಣ್ಣಿನ ಗಿಡ ಬೆಳೆಸುವವರಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಪ್ರಯೋಜನವಿರುವುದು ಆ ಕಥೆಯ ಹಿಂದೆ ನಿಜವಾಗಿ ಬದುಕಿದ್ದ ಮನುಷ್ಯನ ಲೆಕ್ಕಪತ್ರಗಳಲ್ಲಿ. ಅವನ ಹೆಸರು ಜಾನ್ ಚಾಪ್‌ಮನ್. ವೃತ್ತಿಯಲ್ಲಿ ಆತ ನರ್ಸರಿಯವನು.

ಚಾಪ್‌ಮನ್ ಹುಟ್ಟಿದ್ದು 1774ರ ಸೆಪ್ಟೆಂಬರ್ 26ರಂದು, ಮ್ಯಾಸಚೂಸೆಟ್ಸ್ ಪ್ರಾಂತದ ಲೆಮಿನ್‌ಸ್ಟರ್ ಎಂಬಲ್ಲಿ. ತಂದೆ ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಯುದ್ಧದಲ್ಲಿ ಸೈನಿಕ. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಳು. ತಂದೆ ಮರುಮದುವೆಯಾಗಿ ಲಾಂಗ್‌ಮೆಡೋ ಎಂಬ ಊರಿಗೆ ಹೋದ ಮೇಲೆ ಮನೆಯಲ್ಲಿ ಇನ್ನೂ ಹತ್ತು ಮಕ್ಕಳಾದವು. ಇಷ್ಟು ಬಾಯಿಗಳಿದ್ದ ಮನೆಯ ಹಿರಿಮಗ ಪಶ್ಚಿಮದ ಕಾಡುಗಳತ್ತ ಹೊರಟದ್ದರಲ್ಲಿ ಆಶ್ಚರ್ಯವೇನಿಲ್ಲ. ಆ ಕಾಲಕ್ಕೆ ಅಲ್ಲಿಯ ಬಡವರ ಮಕ್ಕಳೆಲ್ಲ ಅತ್ತಲೇ ಹೊರಟಿದ್ದರು. 1790ರ ದಶಕದ ಕೊನೆಯ ಹೊತ್ತಿಗೆ ಚಾಪ್‌ಮನ್ ಪೆನ್ಸಿಲ್ವೇನಿಯಾದ ವಾಯವ್ಯ ಮೂಲೆಯಲ್ಲಿದ್ದ. ಅಲ್ಲಿಂದ ಒಹಾಯೊ, ಮುಂದೆ ಇಂಡಿಯಾನಾ. ಸುಮಾರು ಐವತ್ತು ವರ್ಷ ಆತ ವಲಸಿಗರ ಗಾಡಿಗಳಿಗಿಂತ ಒಂದು ಹೆಜ್ಜೆ ಮುಂದೆ ನಡೆದ.

ಆ ಒಂದು ಹೆಜ್ಜೆಯಲ್ಲಿಯೇ ಅವನ ಜಾಣತನ ಅಡಗಿತ್ತು. ಒಹಾಯೊದ ಮರಿಯೆಟಾ ಸುತ್ತಲಿನ ಭೂಮಿಯನ್ನು ಹಂಚುತ್ತಿದ್ದ 'ಒಹಾಯೊ ಕಂಪನಿ' ತನ್ನ ದಾನದ ಜಮೀನುಗಳಿಗೆ ಒಂದು ಕರಾರು ಹಾಕಿತ್ತು: ನೂರು ಎಕರೆ ಪಡೆದವನು ಮೂರು ವರ್ಷದೊಳಗೆ 50 ಸೇಬಿನ ಅಥವಾ ಪೇರ್ ಗಿಡಗಳನ್ನೂ 20 ಪೀಚ್ ಗಿಡಗಳನ್ನೂ ನೆಟ್ಟು ತೋರಿಸಬೇಕು, ಆಗಲೇ ಹಕ್ಕುಪತ್ರ. ಬೀಜದಿಂದ ಎದ್ದ ಸೇಬಿನ ಗಿಡ ಫಲ ಕೊಡಲು ಆರರಿಂದ ಹತ್ತು ವರ್ಷ ಬೇಕು. ಅಷ್ಟು ಕಾದು ನೋಡುವ ಮನಸ್ಸಿನಿಂದ ಗಿಡ ನೆಟ್ಟವನು ಊರು ಬಿಟ್ಟು ಹೋಗಲಾರ ಎಂಬುದು ಕಂಪನಿಯ ಎಣಿಕೆ. ಇತ್ತ ವಲಸಿಗನ ಅವಸ್ಥೆಯೋ, ಮರ ಕಡಿಯಬೇಕು, ಗುಡಿಸಲು ಕಟ್ಟಬೇಕು, ಜೋಳ ಬಿತ್ತಬೇಕು. ಸಸಿಮಡಿ ಮಾಡುವ ಪುರಸೊತ್ತು ಅವನಿಗೆಲ್ಲಿ? ಗಾಡಿ ಬಂದು ನಿಲ್ಲುವ ಹೊತ್ತಿಗೆ ಎರಡು ಮೂರು ವರ್ಷದ ಸಸಿ ಹತ್ತಿರದಲ್ಲೇ ಸಿದ್ಧವಿದ್ದರೆ ಕೊಳ್ಳದೆ ಇರುವವರಾರು? ಚಾಪ್‌ಮನ್ ಮಾಡಿದ್ದು ಇಷ್ಟೇ. ಜನ ಎಲ್ಲಿಗೆ ಬರುತ್ತಾರೆಂದು ನದಿ, ದಾರಿಗಳನ್ನು ನೋಡಿ ಊಹಿಸುವುದು, ಅವರು ಬರುವ ಮೂರು ವರ್ಷ ಮುಂಚೆ ಅಲ್ಲಿ ಬೀಜ ಹಾಕುವುದು.

ಬೀಜಕ್ಕೆ ಆತ ಕಾಸು ಖರ್ಚು ಮಾಡಲಿಲ್ಲ. ಪೆನ್ಸಿಲ್ವೇನಿಯಾದ ಹಳೆಯ ವಸಾಹತುಗಳಲ್ಲಿ ಸೇಬು ಅರೆದು ಸೈಡರ್ ಎಂಬ ಹುಳಿ ಪಾನೀಯ ತೆಗೆಯುವ ಗಾಣಗಳಿದ್ದವು. ಗಾಣದ ಹಿಂದೆ ಹಿಂಡಿಯ ರಾಶಿ ಬಿದ್ದಿರುತ್ತಿತ್ತು. ಚಳಿಗಾಲದಲ್ಲಿ ಅಲ್ಲಿಗೆ ಹೋಗಿ ಆ ಹಿಂಡಿಯನ್ನು ನೀರಿನಲ್ಲಿ ತೊಳೆದು ಬೀಜ ಬೇರ್ಪಡಿಸುವುದು ಅವನ ವರ್ಷದ ಮೊದಲ ಕೆಲಸ. ಸೇಬಿನ ಬೀಜಕ್ಕೆ ಒಂದು ವಿಶೇಷವಿದೆ. ಎರಡು ಮೂರು ತಿಂಗಳು ತಣ್ಣನೆಯ ತೇವದಲ್ಲಿ ಇರದೆ ಅದು ಮೊಳೆಯುವುದಿಲ್ಲ. ಒಣಗಿಸಿ ಡಬ್ಬಿಯಲ್ಲಿಟ್ಟು ಬೇಕೆಂದಾಗ ಬಿತ್ತುತ್ತೇನೆಂದರೆ ಹಠಮಾರಿಯಂತೆ ಮಲಗಿಯೇ ಇರುತ್ತದೆ. ಚಳಿ ಕಳೆಯುವ ಹೊತ್ತಿಗೆ ಮಣ್ಣು ಸೇರಬೇಕು. ಗಾಣದಿಂದ ಸಸಿಮಡಿಗೆ ನೂರಾರು ಮೈಲಿಯ ದಾರಿಯನ್ನು ಆತ ಈ ಲೆಕ್ಕಕ್ಕೆ ಸರಿಯಾಗಿ ಮುಗಿಸಬೇಕಾಗಿತ್ತು. 1806ರಲ್ಲಿ ಎರಡು ದೋಣಿಗಳನ್ನು ಜೋಡಿಸಿ ಕಟ್ಟಿ, ಅವುಗಳ ತುಂಬ ಬೀಜ ಹೇರಿಕೊಂಡು ಆತ ಒಹಾಯೊ ನದಿಯಲ್ಲಿ ತೇಲಿ ಬಂದು, ಮರಿಯೆಟಾದ ಬಳಿ ಮಸ್ಕಿಂಗಮ್ ನದಿಗೆ ತಿರುಗಿ, ಮೇಲೆ ಮೇಲೆ ಮೊಹಿಕನ್ ಹೊಳೆಯವರೆಗೂ ಹೋದುದನ್ನು ಕಂಡವರು ಹೇಳಿದ್ದಾರೆ.

ಜಾಗದ ಆಯ್ಕೆಯೂ ಹಾಗೆಯೇ. ಹೊಳೆಯ ಮಗ್ಗುಲಿನ ಮೆಕ್ಕಲು ಮಣ್ಣು, ಮಧ್ಯಾಹ್ನದ ಬಿಸಿಲು, ದೋಣಿಗೆ ಅನುಕೂಲ. ಪೊದೆ ಸವರಿ, ನೆಲ ಅಗೆದು, ಸಾಲಿನಲ್ಲಿ ಬೀಜ ಊರಿ, ಕಡಿದ ಕೊಂಬೆಗಳನ್ನೇ ಹೆಣೆದು ಸುತ್ತಲೂ ಬೇಲಿ ಹಾಕುತ್ತಿದ್ದ. ಬೇಲಿ ಇಲ್ಲದಿದ್ದರೆ ಜಿಂಕೆಗಳು ಒಂದೇ ರಾತ್ರಿಯಲ್ಲಿ ಮಡಿಯನ್ನು ಬೋಳಿಸುತ್ತಿದ್ದವು. ವಲಸಿಗರ ದನ, ಹಂದಿಗಳು ಬಂದ ಮೇಲಂತೂ ಹೇಳುವುದೇ ಬೇಡ. ಹತ್ತಿರ ಮನೆಗಳಿದ್ದರೆ ಒಬ್ಬ ರೈತನಿಗೆ ನೋಡಿಕೊಳ್ಳಲು ಒಪ್ಪಿಸಿ, ಮಾರಾಟವಾದ ಸಸಿಗಳಲ್ಲಿ ಅವನಿಗೊಂದು ಪಾಲು ಕೊಡುತ್ತಿದ್ದ. ವರ್ಷಕ್ಕೊಮ್ಮೆಯಾದರೂ ಬಂದು ಬೇಲಿ ಸರಿಪಡಿಸಿ, ಕಳೆ ಕಿತ್ತು, ಸತ್ತ ಸಸಿಗಳ ಜಾಗ ತುಂಬುತ್ತಿದ್ದ. ಒಂದು ಸಸಿಯ ಬೆಲೆ ಆರು ಸೆಂಟಿನ ಆಸುಪಾಸು. ಕೈಯಲ್ಲಿ ಕಾಸಿಲ್ಲದವರಿಂದ ಜೋಳದ ಹಿಟ್ಟನ್ನೋ ಹಳೆಯ ಬಟ್ಟೆಯನ್ನೋ ಪಡೆದ. ಏನೂ ಇಲ್ಲದವರಿಂದ ಒಂದು ಸಾಲದ ಚೀಟಿ ಬರೆಸಿಕೊಂಡ. ಆ ಚೀಟಿಗಳನ್ನು ಹಿಡಿದು ವಸೂಲಿಗೆ ಹೋಗುವುದು ಮಾತ್ರ ಅವನ ಸ್ವಭಾವದಲ್ಲಿ ಇರಲಿಲ್ಲವಂತೆ.

ದಂತಕಥೆ ಬಿಟ್ಟುಬಿಟ್ಟಿರುವುದು ಈ ಭಾಗವನ್ನೇ. ಎರಚಿ ಹೋಗುವ ಕೈಯನ್ನು ಚಿತ್ರಿಸುವುದು ಸುಲಭ. ಮೂರನೆಯ ವರ್ಷ ಬೇಲಿ ಕಟ್ಟಲು ಮರಳಿ ಬಂದವನನ್ನು ಚಿತ್ರಿಸಿದರೆ ಮಕ್ಕಳಿಗೆ ಬೇಸರವಾದೀತೆಂಬ ಅಂಜಿಕೆಯೋ ಏನೋ. ಆದರೆ ಮಲೆನಾಡಿನಲ್ಲಿ ಬೇಣದ ಅಂಚಿಗೆ ನಾಲ್ಕು ಹಲಸಿನ ಸಸಿ ಹಚ್ಚಿ, ಮೊದಲ ಬೇಸಿಗೆಯಲ್ಲೇ ಕಳೆದುಕೊಂಡ ರೈತನಿಗೆ ಯಾವ ಚಿತ್ರ ನಿಜವೆಂದು ಬಿಡಿಸಿ ಹೇಳಬೇಕಾಗಿಲ್ಲ. ಬೀಜದುಂಡೆಯ ಉತ್ಸಾಹವನ್ನು ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ಆ ಉತ್ಸಾಹದ ಅರ್ಧದಷ್ಟಾದರೂ ಶಾಲೆಯ ಹಿಂದಿನ ಒಂದು ಸಸಿಮಡಿಗೆ, ಅದರ ಬೇಲಿಗೆ, ಬೇಸಿಗೆಯ ಎರಡು ಕೊಡ ನೀರಿಗೆ ಸಂದರೆ ಗುಡ್ಡಕ್ಕೂ ಲಾಭ, ಮಕ್ಕಳಿಗೂ ಲಾಭ ಎಂಬುದಷ್ಟೇ ವಾದ.

ಮನುಷ್ಯನಾಗಿ ಚಾಪ್‌ಮನ್ ವಿಚಿತ್ರ ವ್ಯಕ್ತಿಯಾಗಿದ್ದನೆಂಬುದರಲ್ಲಿ ಅನುಮಾನವಿಲ್ಲ. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ಸ್ವೀಡನ್ನಿನ ಎಮಾನ್ಯುಯೆಲ್ ಸ್ವೀಡನ್‌ಬೋರ್ಗ್ ಎಂಬ ದಾರ್ಶನಿಕನ ಬೋಧನೆಗೆ ಮಾರುಹೋಗಿ, ಆ ಗ್ರಂಥಗಳನ್ನು ಭಾಗಭಾಗವಾಗಿ ಬಿಡಿಸಿ ಒಂದೊಂದು ಮನೆಗೆ ಒಂದೊಂದು ಭಾಗ ಓದಲು ಕೊಟ್ಟು, ಮುಂದಿನ ಸುತ್ತಿನಲ್ಲಿ ಅದಲುಬದಲು ಮಾಡುತ್ತಿದ್ದ. ಪುಸ್ತಕ ಕೊಳ್ಳಲಾಗದ ಕಾಡಿನ ನಡುವೆ ಸಂಚಾರಿ ಗ್ರಂಥಾಲಯ ನಡೆಸಲು ಇದಕ್ಕಿಂತ ಒಳ್ಳೆಯ ಉಪಾಯ ಯಾರಿಗೂ ಹೊಳೆದಿರಲಿಲ್ಲ. 1817ರಷ್ಟು ಹಿಂದೆಯೇ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆ ಪಂಥದವರು ಪ್ರಕಟಿಸಿದ ವರದಿಯಲ್ಲಿ, ಸೇಬಿನ ನರ್ಸರಿ ಮಾಡುತ್ತ ಧರ್ಮಪ್ರಸಾರ ನಡೆಸುವ ಅಮೆರಿಕದ ಈ ಅಸಾಧಾರಣ ಪ್ರಚಾರಕನ ಪ್ರಸ್ತಾಪವಿದೆ. ಪ್ರಾಣಿಗಳ ಮೇಲಿನ ಅವನ ಕರುಣೆಯ ಬಗ್ಗೆ ಹತ್ತಾರು ಕಥೆಗಳಿವೆ. ಅವುಗಳಲ್ಲಿ ಅರ್ಧ ನಿಜವಿದ್ದರೂ ಸಾಕು, ಬಹಳ ಒಳ್ಳೆಯ ಮನುಷ್ಯ.

ಇನ್ನು ಕಸಿಯ ಪ್ರಶ್ನೆ. ಚಾಪ್‌ಮನ್ ಕಸಿ ಕಟ್ಟಲಿಲ್ಲ. ಕಸಿಯ ವಿದ್ಯೆ ಆ ನಾಡಿಗೆ ಗೊತ್ತಿರಲಿಲ್ಲವೆಂದಲ್ಲ. 1796ರಲ್ಲಿಯೇ ಪಟ್ನಮ್ ಮನೆತನದವರು ಕನೆಕ್ಟಿಕಟ್ ಪ್ರಾಂತದಿಂದ ಕಸಿಕಡ್ಡಿಗಳನ್ನು ತರಿಸಿ, ಮರಿಯೆಟಾದ ಬಳಿ ಇಪ್ಪತ್ತಕ್ಕೂ ಹೆಚ್ಚು ಹೆಸರಾಂತ ತಳಿಗಳ ನರ್ಸರಿ ಮಾಡಿದ್ದರು. ಆ ಊರಿನ ಮುಂದೆಯೇ ಚಾಪ್‌ಮನ್‌ನ ದೋಣಿ ಹಾದುಹೋಗಿತ್ತು. ಮರವನ್ನು ಕೊಯ್ದು ಸೇರಿಸುವುದು ಮನುಷ್ಯನ ಕುತಂತ್ರ, ದೇವರು ಕೊಟ್ಟ ಬೀಜವೇ ಸರಿಯಾದ ಮಾರ್ಗ ಎಂಬುದು ಅವನ ನಿಲುವೆಂದು ಕೇಳಿದವರು ಹೇಳಿದ್ದಾರೆ. ತೋಟಗಾರಿಕೆಯ ಪಾಠ ಓದಿದ ಇಂದಿನ ವಿದ್ಯಾರ್ಥಿಗೆ ಇದು ಮೌಢ್ಯವೆಂದು ತೋರಬಹುದು. ತೋಟದ ಮಟ್ಟಿಗೆ ಅದು ಮೌಢ್ಯವೇ ಹೌದು.

ಏಕೆಂದರೆ ಸೇಬು ತನ್ನ ಬೀಜದಲ್ಲಿ ತನ್ನನ್ನು ಹೇಳಿಕೊಳ್ಳುವುದಿಲ್ಲ. ಹಣ್ಣನ್ನು ಅಡ್ಡ ಕೊಯ್ದರೆ ನಕ್ಷತ್ರದಾಕಾರದ ಐದು ಕೋಣೆ, ಕೋಣೆಗೆ ಸಾಮಾನ್ಯವಾಗಿ ಎರಡು ಬೀಜ. ಹತ್ತು ಬೀಜ ಊರಿದರೆ ಹತ್ತು ಬಗೆಯ ಮರ, ಯಾವುದೂ ತಾಯಿಯಂತಲ್ಲ. ಸೇಬಿನ ಹೂವು ತನ್ನದೇ ಪರಾಗವನ್ನು ಒಪ್ಪುವುದಿಲ್ಲವಾದ್ದರಿಂದ ಪ್ರತಿ ಬೀಜಕ್ಕೂ ಬೇರೆ ಮರದ ತಂದೆ ಇದ್ದೇ ಇರುತ್ತಾನೆ. ಅಪ್ಪೆಮಿಡಿಯ ಗೊರಟು ಹುಗಿದವನಿಗೆ ಅದೇ ಸೊನೆ, ಅದೇ ಪರಿಮಳ ಸಿಕ್ಕೇ ಸಿಗುತ್ತದೆಂಬ ಭರವಸೆ ಇಲ್ಲವೆಂಬುದು ಮಲೆನಾಡಿಗೆ ಗೊತ್ತಿರುವ ಸಂಗತಿ. ಸೇಬಿನಲ್ಲಿ ಈ ಚಂಚಲತೆ ಇನ್ನೂ ಹೆಚ್ಚು. ನೂರು ಬೀಜದ ಮರಗಳಲ್ಲಿ ಬಹುಪಾಲು ಹುಳಿ, ಒಗರು; ಬಾಯಿಗಿಟ್ಟರೆ ಮುಖ ಕಿವಿಚಬೇಕು. ಹಾಗಾದರೆ ವಲಸಿಗರು ಅವನ ಸಸಿಗಳನ್ನೇಕೆ ಕೊಂಡರು? ಅವರಿಗೆ ಬೇಕಾಗಿದ್ದುದು ಕಚ್ಚಿ ತಿನ್ನುವ ಹಣ್ಣಿಗಿಂತ ಹೆಚ್ಚಾಗಿ ಸೈಡರ್. ಬಾವಿಯ ನೀರನ್ನು ನಂಬಲಾಗದ ಹಳ್ಳಿಗಳಲ್ಲಿ ಕೊಂಚ ಮದ್ಯಾಂಶವಿರುವ ಆ ಪಾನೀಯವೇ ನಿತ್ಯದ ಕುಡಿಯುವಿಕೆ. ಉಳಿದದ್ದು ಅಡುಗೆಯ ವಿನಿಗರ್‌ಗೆ, ಇನ್ನೂ ಉಳಿದದ್ದು ಹಂದಿಗಳಿಗೆ. ಮಕ್ಕಳ ಪುಸ್ತಕದ ಕೆಂಪು ಸೇಬಿನ ಜಾಗದಲ್ಲಿ ಹೆಂಡದ ಪೀಪಾಯಿ ಚಿತ್ರಿಸಿದರೆ ಚರಿತ್ರೆಗೆ ಹೆಚ್ಚು ಹತ್ತಿರವಾದೀತು. ಮುಂದೆ ಮದ್ಯವಿರೋಧಿ ಚಳವಳಿ ಎದ್ದಾಗ ಕೆಲವು ರೈತರು ತಮ್ಮ ಸೇಬಿನ ತೋಪುಗಳಿಗೇ ಕೊಡಲಿ ಹಾಕಿದರು.

ತೋಟದ ಮಟ್ಟಿಗೆ ಮೌಢ್ಯವಾದದ್ದು ನಾಡಿನ ಮಟ್ಟಿಗೆ ಬೇರೆಯೇ ಆಯಿತು. ಚಾಪ್‌ಮನ್ ಒಬ್ಬನೇ ಅಲ್ಲ, ಕಸಿ ಕೊಳ್ಳಲಾಗದ ಸಾವಿರಾರು ಬಡ ರೈತರು ಬೀಜದಿಂದಲೇ ಸೇಬು ಬೆಳೆಸಿದರು. ಯುರೋಪಿನಿಂದ ತಂದ ಹಳೆಯ ತಳಿಗಳಲ್ಲಿ ಅನೇಕವು ಅಮೆರಿಕದ ಕಟು ಚಳಿ, ಅಲ್ಲಿಯ ಕೀಟ, ಅಲ್ಲಿಯ ಮಣ್ಣಿಗೆ ಹೊಂದದೆ ಸೊರಗಿದ್ದವು. ಲಕ್ಷಾಂತರ ಬೀಜದ ಮರಗಳು ಎದ್ದಾಗ ಹೆಚ್ಚಿನವು ಹುಳಿಯಾದರೂ, ಎಲ್ಲೋ ಒಂದು ಹೊಸ ನೆಲಕ್ಕೆ ಒಗ್ಗಿದ ಸಿಹಿಹಣ್ಣು ಕೊಟ್ಟಿತು. ಆ ಒಂದರಿಂದ ಕಡ್ಡಿ ತೆಗೆದು ಕಸಿ ಕಟ್ಟಿದಾಗ ಹೊಸ ತಳಿ ಹುಟ್ಟಿತು. ಜೊನಾಥನ್, ಗೋಲ್ಡನ್ ಡೆಲಿಶಿಯಸ್ ಹೀಗೆ ತಾವಾಗಿ ಎದ್ದ ಮರಗಳ ಮಕ್ಕಳು. ಅವುಗಳಲ್ಲಿ ಯಾವುದು ಚಾಪ್‌ಮನ್‌ನ ಮಡಿಯಿಂದ ಬಂದದ್ದೆಂದು ಹೇಳಲು ದಾಖಲೆಯಿಲ್ಲ. ಹಾಗೆ ಹೇಳುವವರು ಕಥೆ ಕಟ್ಟುತ್ತಿದ್ದಾರೆ. ಡ್ಯಾನ್ ಬಸ್ಸೀ ಎಂಬ ಸಂಗ್ರಾಹಕರು 2016ರಲ್ಲಿ ಹೊರತಂದ ಏಳು ಸಂಪುಟಗಳಲ್ಲಿ ಅಮೆರಿಕ, ಕೆನಡಾಗಳ 16,000ಕ್ಕೂ ಹೆಚ್ಚು ಸೇಬಿನ ಹೆಸರುಗಳಿವೆ. ಕಸಿ ಒಂದು ಒಳ್ಳೆಯ ಮರವನ್ನು ಉಳಿಸಬಲ್ಲದು, ಆದರೆ ಆ ಮರವನ್ನು ಹುಟ್ಟಿಸಲಾರದು. ಹುಟ್ಟಿಸಲು ಬೀಜವೇ ಬೇಕು, ಬೀಜದ ಮರಗಳನ್ನು ಸಹಿಸುವ ಜಾಗವೂ ಬೇಕು.

ಇದರ ಇನ್ನೊಂದು ತುದಿ ಕರ್ನಾಟಕದ ಹಣ್ಣಿನಂಗಡಿಯವರೆಗೂ ಬರುತ್ತದೆ. ಅಯೋವಾ ಪ್ರಾಂತದ ಪೆರು ಎಂಬಲ್ಲಿ ಜೆಸ್ಸೀ ಹಾಯಟ್ ಎಂಬ ರೈತನ ತೋಟದಲ್ಲಿ ಸಾಲು ತಪ್ಪಿ ಒಂದು ಸೇಬಿನ ಸಸಿ ಎದ್ದಿತ್ತು. ಆತ ಅದನ್ನು ಕಡಿದರೂ ಮತ್ತೆ ಚಿಗುರಿತಂತೆ; ಕೊನೆಗೆ ಬದುಕಲಿ ಎಂದು ಬಿಟ್ಟನಂತೆ. ಅದರ ಹಣ್ಣನ್ನು 1893ರಲ್ಲಿ ಮಿಸೌರಿ ಪ್ರಾಂತದ ಸ್ಟಾರ್ಕ್ ಸೋದರರ ನರ್ಸರಿ ನಡೆಸಿದ ಸ್ಪರ್ಧೆಯಲ್ಲಿ ಮೆಚ್ಚಲಾಯಿತು. ನರ್ಸರಿ ಮರದ ಹಕ್ಕನ್ನು ಕೊಂಡು 'ಡೆಲಿಶಿಯಸ್' ಎಂಬ ಹೆಸರಿನಿಂದ ದೇಶವಿಡೀ ಮಾರಿತು. ಫಿಲಡೆಲ್ಫಿಯಾದಲ್ಲಿ 1882ರಲ್ಲಿ ಹುಟ್ಟಿ, 1904ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಭಾರತಕ್ಕೆ ಬಂದ ಸ್ಯಾಮ್ಯುಯೆಲ್ ಸ್ಟೋಕ್ಸ್, ಅದೇ ನರ್ಸರಿಯಿಂದ ಸಸಿ ತರಿಸಿ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹಿಮಾಚಲದ ಕೋಟಗಢದಲ್ಲಿ ನೆಟ್ಟರು. ಬ್ರಿಟಿಷ್ ಅಧಿಕಾರಿಗಳು ಬೆಟ್ಟದ ಜನರಿಂದ ಮಾಡಿಸುತ್ತಿದ್ದ ಬಿಟ್ಟಿ ಚಾಕರಿಯ ವಿರುದ್ಧ ಹೋರಾಡಿ, ಅಸಹಕಾರ ಚಳವಳಿಯಲ್ಲಿ ಸೆರೆಮನೆ ಸೇರಿದವರು ಅವರು. 1932ರಲ್ಲಿ ಸತ್ಯಾನಂದರೆಂದು ಹೆಸರು ಬದಲಿಸಿಕೊಂಡು, 1946ರಲ್ಲಿ ತೀರಿಕೊಂಡರು. ಬೆಟ್ಟದ ರೈತ ತನ್ನ ಸ್ವಂತ ನೆಲದಲ್ಲೇ ನಾಲ್ಕು ಕಾಸು ಕಾಣಲೆಂದು ಸಸಿ ಹಂಚಿದ ಅವರನ್ನೂ ನರ್ಸರಿಯವರ ಸಾಲಿನಲ್ಲಿ ಸೇರಿಸಬೇಕು.

ಆದರೆ ಸಾಲು ತಪ್ಪಿ ಎದ್ದ ಒಂದು ಮರದ ಕೊಂಬೆಗಳೇ ಕಣಿವೆಯ ನಂತರ ಕಣಿವೆ ತುಂಬಿದಾಗ ಏನಾಗುತ್ತದೆಂಬುದನ್ನು ಹಿಮಾಚಲ ಕಂಡಿದೆ. ಒಂದೇ ತಳಿ, ಒಂದೇ ದೌರ್ಬಲ್ಯ. 1980ರ ದಶಕದ ಆರಂಭದಲ್ಲಿ ಹುರುಕು ರೋಗ ಒಮ್ಮೆಲೇ ಎಲ್ಲೆಡೆ ಹಬ್ಬಿತು. ಸಿಂಪರಣೆ ಅಂದಿನಿಂದ ತೋಟದ ಪಂಚಾಂಗವೇ ಆಯಿತು. ಹಣ್ಣು ತುಂಬುವ ಮರದ ಪೆಟ್ಟಿಗೆಗಳಿಗಾಗಿ ಫರ್, ಸ್ಪ್ರೂಸ್ ಮರಗಳ ಕಾಡು ಕರಗಿತು, ರಟ್ಟಿನ ಪೆಟ್ಟಿಗೆ ಬರುವವರೆಗೆ. ಪರಾಗಸ್ಪರ್ಶಕ್ಕೆ ಬೇರೆ ತಳಿಯ ಮರಗಳು ಸಾಲದೆ, ಹೂವಿನ ಕಾಲದಲ್ಲಿ ಜೇನುಪೆಟ್ಟಿಗೆಗಳನ್ನು ಬಾಡಿಗೆಗೆ ತರುವ ಪರಿಸ್ಥಿತಿ ಬಂತು. ಚಳಿಗಾಲ ಬಿಸಿಯಾಗುತ್ತ ಬಂದಂತೆ ತಗ್ಗಿನ ತೋಟಗಳು ಸೋತು, ಸೇಬಿನ ಪಟ್ಟಿ ಬೆಟ್ಟದ ಮೇಲಕ್ಕೆ ಸರಿಯುತ್ತಿದೆ. ಚಾಪ್‌ಮನ್‌ನ ಹುಳಿಮರಗಳ ಗೊಂದಲವನ್ನು ನೋಡಿ ನಕ್ಕ ಶಾಸ್ತ್ರಜ್ಞರ ಮೊಮ್ಮಕ್ಕಳು ಇಂದು ಸೇಬಿನ ತವರಾದ ಕಜಾಕಸ್ತಾನದ ತಿಯಾನ್‌ಶಾನ್ ಬೆಟ್ಟಗಳಿಗೆ ಹೋಗಿ ಕಾಡುಸೇಬಿನ ಬೀಜ ಆಯ್ದು ತರುತ್ತಿದ್ದಾರೆ. ಬೇಕಾಗಿರುವುದು ಆ ಗೊಂದಲವೇ. ಪ್ರತಿ ಹಳ್ಳಿಯ ನರ್ಸರಿಯಲ್ಲೂ ಕಸಿ ಸಸಿಗಳ ಸಾಲಿನ ಪಕ್ಕ, ಗೊರಟಿನಿಂದ ಎದ್ದ ಕಾಟುಮಾವಿಗೆ, ಬೀಜದ ಹಲಸಿಗೆ ಒಂದು ಮಡಿ ಮೀಸಲಿರಬೇಕೆಂದು ಹೇಳುವವರ ಮಾತನ್ನು ಹಳೆಯ ಕಾಲದ ಹಂಬಲವೆಂದು ತಳ್ಳಿಹಾಕುವುದು ತಪ್ಪು.

ಇಷ್ಟು ಹೇಳಿ ನಿಲ್ಲಿಸಿದರೆ ಚಾಪ್‌ಮನ್‌ನನ್ನು ಮತ್ತೊಂದು ಬಗೆಯ ಸಂತನನ್ನಾಗಿ ಮಾಡಿದಂತಾದೀತು. ಆತ ಬೇಲಿ ಹಾಕಿದ ಹೊಳೆದಂಡೆ ಯಾರದು ಎಂಬ ಪ್ರಶ್ನೆ ಉಳಿದೇ ಇದೆ. ಒಹಾಯೊ ಬರಿದಾದ ಕಾಡಾಗಿರಲಿಲ್ಲ. ಅಲ್ಲಿ ಡೆಲವೇರ್, ವಯಾಂಡಾಟ್, ಶಾನೀ, ಮಯಾಮಿ ಜನಾಂಗಗಳು ಜೋಳ, ಹುರುಳಿ, ಕುಂಬಳ ಬೆಳೆಯುತ್ತ ಊರು ಕಟ್ಟಿಕೊಂಡಿದ್ದವು. 1795ರ ಗ್ರೀನ್‌ವಿಲ್ ಒಪ್ಪಂದದಲ್ಲಿ, ಯುದ್ಧದಲ್ಲಿ ಸೋತ ಮೇಲೆ, ಒಹಾಯೊದ ಬಹುಭಾಗವನ್ನು ಅವು ಬಿಟ್ಟುಕೊಡಬೇಕಾಯಿತು. ಆ ಗೆರೆ ಎಳೆದ ಮೇಲೆಯೇ ವಲಸಿಗರ ಗಾಡಿಗಳು ನುಗ್ಗಿದ್ದು, ಗಾಡಿಗಳ ಮುಂದೆ ಚಾಪ್‌ಮನ್ ನಡೆದದ್ದು. 50 ಸೇಬಿನ ಗಿಡಗಳ ಆ ಕರಾರನ್ನು ಇನ್ನೊಮ್ಮೆ ಓದಬೇಕು. ಗಿಡ ನೆಟ್ಟವನಿಗೆ ಹಕ್ಕುಪತ್ರ. ತಲೆಮಾರುಗಳಿಂದ ಬದುಕಿದವರ ಬಳಿ ಇರಲಿಲ್ಲವೆನ್ನುವ ಪುರಾವೆಯನ್ನು ಮೂರು ವರ್ಷದ ಸೇಬಿನ ಸಸಿ ಒದಗಿಸುತ್ತಿತ್ತು.

ಹಾಗೆಂದು ಮೂಲನಿವಾಸಿಗಳಿಗೆ ಹಣ್ಣಿನ ತೋಟ ಗೊತ್ತಿರಲಿಲ್ಲವೆ? ನ್ಯೂಯಾರ್ಕ್ ಪ್ರಾಂತದ ಇರೊಕ್ವಾ ಜನ ಯುರೋಪಿಯನ್ನರಿಂದ ಪಡೆದ ಸೇಬು, ಪೀಚ್‌ಗಳ ದೊಡ್ಡ ತೋಪುಗಳನ್ನೇ ಬೆಳೆಸಿದ್ದರು. ಚಾಪ್‌ಮನ್ ಐದು ವರ್ಷದ ಬಾಲಕನಾಗಿದ್ದ 1779ರಲ್ಲಿ, ಜಾರ್ಜ್ ವಾಷಿಂಗ್ಟನ್‌ನ ಆಜ್ಞೆಯಂತೆ ಹೊರಟ ಜನರಲ್ ಸಲಿವನ್‌ನ ಸೈನ್ಯ ಅವರ ಸುಮಾರು ನಲವತ್ತು ಊರುಗಳನ್ನು ಸುಟ್ಟು, ಜೋಳದ ಹೊಲಗಳ ಜೊತೆಗೆ ಸಾವಿರಾರು ಹಣ್ಣಿನ ಮರಗಳನ್ನೂ ಕಡಿದುಹಾಕಿತು. ಒಂದೇ ಮರ, ಒಬ್ಬರ ಕೈಯಲ್ಲಿದ್ದಾಗ ಕಡಿಯತಕ್ಕದ್ದು, ಇನ್ನೊಬ್ಬರ ಕೈಯಲ್ಲಿದ್ದಾಗ ನಾಗರಿಕತೆಯ ಗುರುತು. ಒಹಾಯೊದ ಕಾಡಿನಲ್ಲಿ ಸ್ವಂತ ಹಣ್ಣುಗಳೂ ಇದ್ದವು. ಸೀತಾಫಲದ ಹತ್ತಿರದ ಬಂಧುವಾದ 'ಪಾ-ಪಾ' ಎಂಬ ಮರ ಹೊಳೆದಂಡೆಗಳಲ್ಲಿ ತಾನಾಗಿ ಬೆಳೆದು ಬಾಳೆಹಣ್ಣಿನಂಥ ಮೃದು ತಿರುಳಿನ ಹಣ್ಣು ಕೊಡುತ್ತದೆ. ಅದಕ್ಕಾಗಿ ಮಡಿ ಮಾಡಿದ, ದಂತಕಥೆಯಾದ ನರ್ಸರಿಯವನು ಯಾರೂ ಇಲ್ಲ. ಅದು ಯಾರ ಹಕ್ಕುಪತ್ರಕ್ಕೂ ಬೇಕಾಗಿರಲಿಲ್ಲ.

1812ರಲ್ಲಿ ಬ್ರಿಟಿಷರೊಡನೆ ಮತ್ತೆ ಯುದ್ಧ ಆರಂಭವಾದಾಗ, ಚಾಪ್‌ಮನ್‌ನ ಮಡಿಗಳಿದ್ದ ಮೊಹಿಕನ್ ಹೊಳೆಯ ಸೀಮೆಯಲ್ಲೇ ಇದ್ದ ಗ್ರೀನ್‌ಟೌನ್ ಎಂಬ ಡೆಲವೇರ್ ಜನರ ಊರನ್ನು ಖಾಲಿ ಮಾಡಿಸಲಾಯಿತು. ಆಸ್ತಿಗೆ ಧಕ್ಕೆಯಿಲ್ಲವೆಂಬ ಮಾತು ನಂಬಿ ಅವರು ಹೊರಟರು. ಬೆನ್ನು ತಿರುಗಿದ ಕೂಡಲೇ ಸೈನಿಕರು ಊರಿಗೆ ಬೆಂಕಿ ಇಟ್ಟರು. ಆ ವರ್ಷ ಎರಡೂ ಕಡೆ ರಕ್ತ ಹರಿಯಿತು. ಮ್ಯಾನ್ಸ್‌ಫೀಲ್ಡ್ ಹಳ್ಳಿಯ ಮೇಲೆ ದಾಳಿಯಾಗುವ ಭಯ ಹುಟ್ಟಿದಾಗ, ರಾತ್ರಿಯಲ್ಲಿ ಇಪ್ಪತ್ತೈದು ಮೈಲಿಗೂ ಹೆಚ್ಚು ದೂರದ ಮೌಂಟ್ ವರ್ನನ್‌ಗೆ ಓಡಿ, ದಾರಿಯ ಮನೆಗಳನ್ನೆಲ್ಲ ಎಚ್ಚರಿಸಿ, ಸೈನಿಕರನ್ನು ಕರೆತಂದವನು ಚಾಪ್‌ಮನ್. ಮೂಲನಿವಾಸಿಗಳು ಅವನನ್ನು ಗೌರವಿಸುತ್ತಿದ್ದರೆಂದೂ ಆತ ಅವರ ಸ್ನೇಹಿತನೆಂದೂ ಹೇಳಲಾಗುತ್ತದೆ, ಅದು ಸುಳ್ಳಾಗಿರಲಾರದು. ಆದರೆ ಬೆಂಕಿ ಬಿದ್ದ ವರ್ಷ ಆತ ಯಾವ ಕಡೆ ಓಡಿದನೆಂಬುದೂ ನಿಜ. ಒಬ್ಬ ಮನುಷ್ಯ ಹಾವನ್ನೂ ಕೊಲ್ಲದ ಕರುಣಾಳುವಾಗಿದ್ದು, ಒಂದು ಜನಾಂಗದ ನೆಲ ಕೈಬಿಡುವ ಕೆಲಸದಲ್ಲಿ ತನಗರಿವಿಲ್ಲದೆ ಸಲಕರಣೆಯಾಗಬಲ್ಲ. ಕೇಡಿಗರು ಮಾತ್ರ ಅನ್ಯಾಯಕ್ಕೆ ನೆರವಾಗುತ್ತಾರೆಂದು ನಂಬಿದವರಿಗೆ ಈ ಬದುಕು ಅರ್ಥವಾಗದು. ಕಾಡನ್ನೇ ನಂಬಿದವರನ್ನು ಕೇಳದೆ ಬೇಣಗಳ ಮೇಲೆ ಅಕೇಶಿಯಾ ನೆಡುತೋಪುಗಳು ಏಳುವುದನ್ನು ಕಂಡ ಮಲೆನಾಡಿಗೆ, ಗಿಡ ನೆಡುವುದು ತಾನೇ ತಾನಾಗಿ ಪುಣ್ಯಕಾರ್ಯವೆಂಬ ಮಾತನ್ನು ಅನುಮಾನಿಸುವ ಹಕ್ಕಿದೆ.

ಸಣ್ಣದೊಂದು ಸಂಗತಿ ಇದೇ ಲೆಕ್ಕಕ್ಕೆ ಸೇರಬೇಕು. ಸೇಬಿನ ಜೊತೆಗೆ ಚಾಪ್‌ಮನ್ ಔಷಧಿ ಸಸ್ಯಗಳ ಬೀಜವನ್ನೂ ಹರಡಿದ. ಸೇವಂತಿಗೆಯ ಕುಲದ, ದುರ್ವಾಸನೆಯ 'ಡಾಗ್ ಫೆನಲ್' ಮಲೇರಿಯಾಕ್ಕೆ ಮದ್ದೆಂದು ನಂಬಿ ಮನೆಮನೆಯ ಬಳಿ ಬಿತ್ತಿದ. ಅದು ಜ್ವರವನ್ನು ಬಿಡಿಸಲಿಲ್ಲ, ಹೊಲವನ್ನು ಬಿಡಲಿಲ್ಲ. ಒಹಾಯೊದ ರೈತರು ಎಷ್ಟೋ ಕಾಲ ಆ ಕಳೆಯನ್ನು ಕೀಳುತ್ತ ಅವನ ಹೆಸರನ್ನೇ ಅದಕ್ಕಿಟ್ಟು ಬೈದರು. ನಿಜವಾಗಿ ಎರಚಿದ ಬೀಜವೆಂದರೆ ಇದೊಂದೇ ಇರಬೇಕು, ಅದು ಚೆನ್ನಾಗಿಯೇ ಹಬ್ಬಿತು. ಲಂಟಾನಾದ ಊರಿನವರಿಗೆ ಇದರ ವಿವರಣೆ ಬೇಡ.

ಬರಿಗಾಲಿನ ಫಕೀರನೆಂದು ಹೆಸರಾದವನ ಆಸ್ತಿಯ ಲೆಕ್ಕ ಕುತೂಹಲಕರವಾಗಿದೆ. 1809ರಲ್ಲಿ ಮೌಂಟ್ ವರ್ನನ್‌ನಲ್ಲಿ ಎರಡು ನಿವೇಶನ ಕೊಂಡ. 1814ರಲ್ಲಿ ಮ್ಯಾನ್ಸ್‌ಫೀಲ್ಡ್ ಸೀಮೆಯ ಶಾಲಾ ಜಮೀನುಗಳನ್ನು 99 ವರ್ಷದ ಗೇಣಿಗೆ ಹಿಡಿದ, ಅವನ್ನು ಉಳಿಸಿಕೊಳ್ಳಲಾಗಲಿಲ್ಲ. ಬದುಕಿನುದ್ದಕ್ಕೂ ಕೊಂಡದ್ದು, ಗೇಣಿಗೆ ಹಿಡಿದದ್ದು ಎಲ್ಲ ಸೇರಿ ಸಾವಿರ ಎಕರೆ ಮೀರುತ್ತದೆ. ಆ ಜಮೀನಿನಿಂದ ಸುಖಪಟ್ಟನೆನ್ನಲು ಯಾವ ಗುರುತೂ ಇಲ್ಲ. ಹಣ ಬಂದರೆ ಇನ್ನೊಂದು ಮಡಿ, ಇನ್ನೊಂದಿಷ್ಟು ಪುಸ್ತಕ.

1845ರ ಮಾರ್ಚ್ ತಿಂಗಳಲ್ಲಿ, ಇಂಡಿಯಾನಾದ ಫೋರ್ಟ್ ವೇಯ್ನ್ ಊರಿನ ಬಳಿ ಪರಿಚಿತರೊಬ್ಬರ ಮನೆಯಲ್ಲಿ ಚಾಪ್‌ಮನ್ ತೀರಿಕೊಂಡ. ಎಪ್ಪತ್ತರ ವಯಸ್ಸು. ಆಸ್ತಿಯ ಪಟ್ಟಿಯಲ್ಲಿ ಒಂದು ಬೂದುಬಣ್ಣದ ಹೆಣ್ಣುಕುದುರೆ, ಕೆಲವು ತುಂಡು ಜಮೀನು, ಒಂದು ನರ್ಸರಿಯಲ್ಲಿ ಸುಮಾರು 15,000 ಸೇಬಿನ ಸಸಿ, ಇನ್ನೊಂದರಲ್ಲಿ 2,000. ಎಪ್ಪತ್ತರಲ್ಲೂ ಮಾರಾಟಕ್ಕೆ ಇನ್ನೂ ಬಾರದ ಸಸಿಗಳು ಅಷ್ಟಿದ್ದವು.

ಮರುವರ್ಷ, 1846ರ ಅಕ್ಟೋಬರಿನಲ್ಲಿ, ಇಂಡಿಯಾನಾದ ಮಯಾಮಿ ಜನರನ್ನು ಸರ್ಕಾರ ದೋಣಿಗಳಿಗೆ ಹತ್ತಿಸಿತು. ಕಾಲುವೆಯ ಮೂಲಕ ಅವರನ್ನು ಮೊದಲು ಒಹಾಯೊಕ್ಕೆ, ಅಲ್ಲಿಂದ ದೂರದ ಕಾನ್ಸಸ್‌ಗೆ ಸಾಗಿಸಲಾಯಿತು. ಆ ದೋಣಿಗಳು ಅವರ ಹಳೆಯ ರಾಜಧಾನಿ ಕೆಕಿಯೊಂಗಾ ಇದ್ದ ಸ್ಥಳದ ಮೂಲಕವೇ ಹಾದವು. ಅಷ್ಟರಲ್ಲಿ ಅದರ ಹೆಸರು ಫೋರ್ಟ್ ವೇಯ್ನ್ ಎಂದಾಗಿತ್ತು, ಅಲ್ಲಿ ಜಾನ್ ಚಾಪ್‌ಮನ್‌ನ ಆಸ್ತಿಯ ಲೆಕ್ಕ ಇನ್ನೂ ಇತ್ಯರ್ಥವಾಗಿರಲಿಲ್ಲ.